ಓಟದ ಹಿಂದಿನ ಸಂಜೆ ಬಂದ ನಾಟಿ ಕೋಳಿ ಸಾರು

ಸ್ನೇಹಿತರೇ, ನಾಳೆ ಬೆಳಿಗ್ಗೆ ಚಿಕ್ಕಬಳ್ಳಾಪುರದಲ್ಲಿ ನನ್ನ ಮ್ಯಾರಥಾನ್. ಕೂತಲ್ಲಿ ಕೂರಲಾಗದೆ ಶೂ ಲೇಸನ್ನು ಬಿಚ್ಚುತ್ತಾ ಕಟ್ಟುತ್ತಾ ಇದ್ದೆ. ಅಷ್ಟರಲ್ಲಿ ಮೇಲೂರಿನಿಂದ ಮಾವ ಬಂದರು, ಕೈಯಲ್ಲಿ ನಾಟಿ ಕೋಳಿ ಸಾರಿನ ಕ್ಯಾರಿಯರ್.

"ಅಷ್ಟು ದೂರ ಓಡೋಳು ನೀನು. ಮುದ್ದೆ ಕಟ್ಟಿಸ್ತೀನಿ, ಹೊಟ್ಟೆ ತುಂಬ ಉಣ್ಣಮ್ಮ."

ಕಳೆದ ಸಲ ಹಿಂದಿನ ದಿನ ಖಾರದ ಊಟ ಮಾಡಿ, ಅರ್ಧ ದಾರಿಯಲ್ಲೇ ಹೊಟ್ಟೆ ಹಿಡಿದುಕೊಂಡು ಕೂತವಳು ನಾನು. "ಬೇಡ ಮಾವ, ಬರೀ ಮೊಸರನ್ನ ತಿನ್ನು ಅಂದಿದ್ದಾರೆ ಕೋಚ್" ಎಂದೆ.

"ಅವರಿಗೇ ಫೋನ್ ಹಾಕು" ಎಂದ ಮಾವ ನೇರವಾಗಿ ಕೇಳಿದರು: "ಸಾರ್, ನೀವು ಇವತ್ತು ಏನು ಉಂಡ್ರಿ?"

ಸ್ಪೀಕರಿನಲ್ಲಿ ಕೋಚ್ ತಡವರಿಸಿದರು. "ಮುದ್ದೆ, ಮಟನ್ ಸಾರು... ಆದ್ರೆ ನಾಳೆ ನಾನು ಓಡಲ್ಲ, ಯಜಮಾನ್ರೇ."

ಮಾವ ಗೆದ್ದವರಂತೆ ನನ್ನತ್ತ ನೋಡಿದರು. ಆಮೇಲೆ ಮೆಲ್ಲಗೆ, "ನಿನಗೇ ಅಂತ ಕುಯ್ಸಿದ್ದು ಕಣಮ್ಮ" ಎಂದರು. ಸಂಕಟವಾಯಿತು. ಆದರೂ ಮೊಸರನ್ನವನ್ನೇ ಬಡಿಸಿಕೊಂಡೆ.

ಈಗ ಹಾಲ್‌ನಲ್ಲಿ ಕೂತು ಮಾವ ನೆಂಟರಿಗೆಲ್ಲ ಫೋನ್ ಮಾಡುತ್ತಿದ್ದಾರೆ: "ನಮ್ ಸೊಸೆ ಓಟಕ್ಕೆ ಅಂತ ಉಪವಾಸ ಅವ್ಳೆ ಕಣಪ್ಪ!"

ಉಪವಾಸದ ಎರಡನೇ ತಟ್ಟೆ ಖಾಲಿಯಾಗುತ್ತಾ ಬಂತು.