ಬೆನ್ನ ಹಿಂದಿನ ಕೈಗಳು

ಸ್ಫಾಕ್ಸ್ ಊರಿನ ಸ್ಕೌಟ್ ಮೇಷ್ಟ್ರು ಹಮ್ಮಾದಿಯವರಿಗೆ ಕೈಗಳಿವೆ ಎಂದು ಖಾತ್ರಿಯಾಗಬೇಕಾದರೆ ಅವರ ಹಿಂದೆ ಹೋಗಿ ನಿಲ್ಲಬೇಕು. ಶಿಬಿರಕ್ಕೆ ಕಾಲಿಟ್ಟೊಡನೆ ಅವೆರಡೂ ಬೆನ್ನ ಹಿಂದೆ ಸೇರಿಬಿಡುತ್ತವೆ. ಗುಡಾರ ವಾಲಲಿ, ಒಲೆಯ ಮೇಲಿನ ಮಕರೋನಿ ತಳ ಹಿಡಿಯಲಿ, ಅವರ ಬಾಯಿಂದ ಬರುವುದು ಒಂದೇ ಮಾತು: "ನಿಮ್ಮ ನಾಯಕೀನ ಕೇಳ್ಕೊಳಿ." ನಾಯಕಿ ಎಂದರೆ ಹದಿಮೂರರ ರಿಹಾಬ್, ಆ ಪುಟ್ಟ ತಂಡಕ್ಕೆಲ್ಲ ಅವಳೇ ದೊಡ್ಡವಳು. ನೋಡಲು ಬಂದ ತಾಯಂದಿರು, "ಅಯ್ಯೋ, ಮಕ್ಳು ಸೀದದ್ದು ತಿಂತಾವಲ್ರೀ, ನೀವು ಸ್ವಲ್ಪ ಕೈ ಹಾಕ್ಬಾರ್ದಾ?" ಎಂದು ಗೋಗರೆದರೆ, "ಇವತ್ತು ಸೀದದ್ದು ತಿಂದೋರು ನಾಳೆ ತಾವೇ ಉರಿ ತಗ್ಗಿಸ್ತಾರೆ ಕಣಮ್ಮ" ಎನ್ನುತ್ತಾರೆ. ಆದರೆ ಹಾಳು ಕೈ ಸುಮ್ಮನಿರಬೇಕಲ್ಲ! ಮಕ್ಕಳು ಗಂಟು ತಪ್ಪಾಗಿ ಹಾಕಿದಾಗಲೆಲ್ಲ ಬೆನ್ನ ಹಿಂದೆ ಅವರ ಬೆರಳುಗಳು ಒಂದು ಮೊಳ ಹಗ್ಗದಲ್ಲಿ ಸರಿಯಾದ ಗಂಟು ಹಾಕಿ ಬಿಚ್ಚುತ್ತಿರುತ್ತವೆ. ಮರೆತವರು ಕಳ್ಳಹೆಜ್ಜೆಯಲ್ಲಿ ಹಿಂದೆ ಹೋಗಿ ನೋಡಿ ಕಲಿಯುವುದು ಶಿಬಿರಕ್ಕೆಲ್ಲ ಗೊತ್ತು, ಅವರೊಬ್ಬರಿಗೆ ಬಿಟ್ಟು. ಈ ಸಲ ಕಡಲ ಗಾಳಿಗೆ ಗುಡಾರ ಮಕಾಡೆ ಬಿತ್ತು. ಚಿಕ್ಕವರು ಎಂದಿನಂತೆ ಹಿಂದೆ ಹೋಗಿ ನೋಡಿದರೆ, ಎಪ್ಪತ್ತು ದಾಟಿದ ಆ ಬೆರಳುಗಳು ನಡುಗುತ್ತ ಮತ್ತೆ ಮತ್ತೆ ಗಂಟು ತಪ್ಪುತ್ತಿದ್ದವು. "ಅಕ್ಕಾ, ಮೇಷ್ಟ್ರಿಗೇ ಮರ್ತೋಗಿದೆ, ನೀನಾದ್ರೂ ಹಾಕ್ಕೊಡು" ಎಂದು ಒಬ್ಬಳು ಪಿಸುಗುಟ್ಟಿದಳು. "ಶ್, ಸುಮ್ನಿರೇ, ಅವ್ರೇ ಹಾಕ್ತಾರೆ" ಎಂದಳು ರಿಹಾಬ್. ಮೇಷ್ಟ್ರ ಕೈಲಿದ್ದ ಹಗ್ಗದ ಕಡೆಗೆ ಆಗಲೇ ಚಾಚಿದ್ದ ತನ್ನ ಕೈಗಳನ್ನು ಹಿಂದಕ್ಕೆಳೆದು, ಬೆನ್ನ ಹಿಂದೆ ಕಟ್ಟಿಕೊಂಡು ನಿಂತಳು.