ಕೆಂಪು ಹೊಟ್ಟೆಯ ಹಡಗು

ನನ್ನ ತವರು ಮುಂಡಾಜೆ. ಘಟ್ಟದ ಬುಡದಲ್ಲಿ ಬೆಳೆದವಳಿಗೆ ನೀರೆಂದರೆ ಹೊಳೆ. ಮದುವೆಯಾಗಿ ತೋಡಾರಿಗೆ ಬಂದ ಮೇಲೂ ಸಮುದ್ರವನ್ನು ನೋಡಿದ್ದು ಎರಡೇ ಸಲ, ಅದೂ ಬಸ್ಸಿನ ಕಿಟಕಿಯಿಂದ. ಆದರೆ ನನಗೆ ಸಿಕ್ಕಿದ ಗಂಡ ಹಡಗಿನವರು. ಎಣ್ಣೆ ಸಾಗಿಸುವ ಒಂದು ದೊಡ್ಡ ಹಡಗಿನಲ್ಲಿ ಅಡುಗೆ ಮಾಡುತ್ತಿದ್ದರು. ಅಕ್ಕಪಕ್ಕದ ಮನೆಗಳ ಗಂಡಸರು ದುಬೈಯಲ್ಲೋ ದಮ್ಮಾಮಿನಲ್ಲೋ ಇದ್ದರು, ಕೇಳಿದವರಿಗೆ ಹೇಳಲು ಒಂದು ಊರಿನ ಹೆಸರಿತ್ತು. ನಿಮ್ಮ ಮಗ ಎಲ್ಲಿದ್ದಾನೆ ಎಂದು ಯಾರಾದರೂ ಕೇಳಿದರೆ ನನ್ನ ಮಾಮಿ, ಎಂದರೆ ಅತ್ತೆ, "ನೀರಿನ ಮೇಲೆ" ಎಂದು ಬಿಡುತ್ತಿದ್ದರು.

ತೊಂಬತ್ತರ ದಶಕದ ಕೊನೆಯ ವರ್ಷಗಳವು. ಅವರು ಹಡಗು ಹತ್ತುವಾಗ ನನಗೆ ಐದು ತಿಂಗಳು. ಮಗಳು ಹುಟ್ಟಿದಳು, ಕವುಚಿ ಬಿದ್ದಳು, ತೆವಳಿದಳು, ಹತ್ತು ತಿಂಗಳು ತುಂಬಿತು. ಉಪ್ಪ, ಎಂದರೆ ಅಪ್ಪ ಎನ್ನುವವರನ್ನು ಅವಳು ನೋಡಿರಲಿಲ್ಲ, ಅವರೂ ಅವಳನ್ನು ನೋಡಿರಲಿಲ್ಲ. ಬದಲಿಗೆ ಬರಬೇಕಾದ ಅಡುಗೆಯವರು ಬಾರದೆ ಅವರು ಇಳಿಯುವ ದಿನ ಮುಂದಕ್ಕೆ ಹೋಗುತ್ತಲೇ ಇತ್ತು. ನಾನು ಅಂಚೆಯಲ್ಲಿ ಕಳುಹಿಸಿದ ಮಗುವಿನ ಫೋಟೋ ಯಾವ ಬಂದರಿನಲ್ಲಿ ಉಳಿಯಿತೋ, ಅವರ ಕೈಗೆ ಸೇರಲಿಲ್ಲ.

ಒಂದು ದಿನ ರಸ್ತೆಬದಿಯ ಜಿನಸಿನ ಅಂಗಡಿಗೆ ಅವರ ಫೋನ್ ಬಂತು. ಹಡಗು ಕಚ್ಚಾ ಎಣ್ಣೆ ಹೊತ್ತು ಪಣಂಬೂರಿಗೇ ಬರುವುದಂತೆ. ಬಂದರಿನ ಒಳಗೆ ಜಾಗವಾಗುವವರೆಗೆ ಹೊರಗೆ ಕಡಲಲ್ಲಿ ಲಂಗರು ಹಾಕಿ ನಿಲ್ಲುವುದಂತೆ. ಕೆಳಗಿಳಿಯಲು ಪಾಸ್ ಸಿಗುತ್ತದೋ ಇಲ್ಲವೋ ಹೇಳಲಾಗದು, ಇಲ್ಲಿಂದ ಹೊರಟರೆ ಮತ್ತೆ ಪೂರ್ವದ ಕಡೆಗೆ, ಎಷ್ಟು ತಿಂಗಳೋ ತಿಳಿಯದು. ಗುರುವಾರ ಮಗುವನ್ನು ಕರೆದುಕೊಂಡು ಕಡಲ ಕರೆಗೆ ಬನ್ನಿ ಎಂದರು. ಬೆಳಿಗ್ಗೆ ಒಂಬತ್ತಕ್ಕೆ ತಿಂಡಿಯ ಕೆಲಸ ಮುಗಿಸಿ, ದೊಡ್ಡ ಸ್ಟೀಲ್ ಹರಿವಾಣವನ್ನು ಬಿಸಿಲಿಗೆ ಹಿಡಿದು ಮಿಂಚಿಸುತ್ತಾರಂತೆ. ಮುಖ ಕಾಣದಿದ್ದರೂ ಇಬ್ಬರೂ ಇದ್ದೇವೆ ಎಂದಾದರೂ ತಿಳಿಯುತ್ತದಲ್ಲ ಎಂದರು.

ಹಡಗಿನ ಗುರುತು ನಮ್ಮಲ್ಲಿತ್ತು. ಹಿಂದೆ ಯಾವಾಗಲೋ ಅವರು ಹಡಗಿನದೊಂದು ಫೋಟೋ ಕಳುಹಿಸಿದ್ದರು. ಮೇಲೆ ಕಪ್ಪು, ಕೆಳಗೆ ಹೊಟ್ಟೆಯೆಲ್ಲ ಕುಂಕುಮದಂಥ ಕೆಂಪು. ಮಾಮಿ ಅದನ್ನು ಕುರ್‌ಆನ್ ಇಡುವ ಕಪಾಟಿನ ಕೆಳಗಿನ ಅರೆಯಲ್ಲಿ ಇಟ್ಟು, ದಿನಕ್ಕೊಮ್ಮೆ ತೆಗೆದು ನೋಡುತ್ತಿದ್ದರು. ಅದನ್ನೇ ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಚೀಲಕ್ಕೆ ಹಾಕಿಕೊಂಡರು.

ನಸುಕಿನ ಸುಬ್‌ಹಿ ನಮಾಜಿನ ಬೆನ್ನಿಗೇ ಹೊರಟೆವು. ಬಸ್ಸಿನಲ್ಲಿ ಕೂರಲು ಜಾಗ ಸಿಕ್ಕಿತು, ಗುರುಪುರದ ತಿರುವುಗಳಲ್ಲಿ ಮಗು ವಾಂತಿ ಮಾಡಲಿಲ್ಲ, ಮಂಗಳೂರಿನಲ್ಲಿ ಇಳಿದ ಕೂಡಲೇ ಸುರತ್ಕಲ್ ಬಸ್ಸು ಸಿಕ್ಕಿತು. ಇಂಥ ಸಣ್ಣಪುಟ್ಟದ್ದಕ್ಕೆಲ್ಲ ಅಲ್‌ಹಮ್ದುಲಿಲ್ಲಾಹ್ ಹೇಳುತ್ತಾ ಹೋಗುವುದು ಮಾಮಿಯ ಅಭ್ಯಾಸ, ಅದು ನನಗೂ ಅಂಟಿಕೊಂಡಿದೆ. ಎಂಟೂವರೆಗೆಲ್ಲ ನಾವು ಮರಳಿನ ಮೇಲಿದ್ದೆವು.

ಕಡಲಲ್ಲಿ ಒಂದಲ್ಲ, ಆರು ಹಡಗು ನಿಂತಿದ್ದವು. ನಮ್ಮದು ಯಾವುದೆಂದು ನನಗೆ ತಿಳಿಯಲಿಲ್ಲ. ಆದರೆ ಮಾಮಿ ಫೋಟೋ ತೆಗೆದು ಹಣೆಗೆ ಕೈ ಅಡ್ಡ ಹಿಡಿದು, ಒಂದೇ ನಿಮಿಷದಲ್ಲಿ ಕಂಡುಹಿಡಿದರು. ಎಡಗಡೆಯದು. ಮೇಲೆ ಕಪ್ಪು, ಕೆಳಗೆ ಕೆಂಪು, ಮನೆಯ ಹಾಗೆ ಎತ್ತರಕ್ಕೆ ನಿಂತಿತ್ತು. ನನಗೂ ಸಂಶಯ ಬರಲಿಲ್ಲ. ಮಗಳನ್ನು ಎತ್ತಿ ಹಿಡಿದೆ. ಒಂಬತ್ತಾಯಿತು. ಒಂಬತ್ತೂವರೆಯಾಯಿತು. ಏನೂ ಮಿಂಚಲಿಲ್ಲ.

ಹತ್ತಾದಾಗ ಮಾಮಿ ಕುರ್‌ಆನಿನ ಯಾಸೀನ್ ಅಧ್ಯಾಯವನ್ನು ಬಾಯಿಪಾಠ ಓದಲು ಶುರು ಮಾಡಿದರು. ಒಂದು ಮುಗಿದ ಮೇಲೆ, ಮಗನಿಗೆ ರಕ್ಷೆಯಾಗಲೆಂದು ಹಡಗಿನ ಕಡೆಗೆ ಊದಿದರು. ಎರಡನೆಯದು ಓದಿ ಊದಿದರು. ಮೂರನೆಯದನ್ನು ಅವಸರದಲ್ಲಿ ಓದಿ ಊದಿದರು. ಮಗನಿಗೆ ಏನೋ ಆಗಿದೆ, ಹಡಗಿನವರು ನಮಗೆ ಹೇಳಿಲ್ಲ ಎಂದು ಅವರಿಗೆ ಗಟ್ಟಿಯಾಗಿತ್ತು.

ಸ್ವಲ್ಪ ದೂರದಲ್ಲಿ ಮೀನು ಒಣಗಿಸುತ್ತಿದ್ದ ಹೆಂಗಸೊಬ್ಬರು ನಮ್ಮನ್ನು ಬೆಳಗಿನಿಂದ ನೋಡುತ್ತಿದ್ದರು. ಬಿಸಿಲು ಏರಿದ ಮೇಲೆ ಬಂದು, ಪಾಪುವನ್ನು ಹೀಗೆ ಬೇಯಿಸಬೇಡಿ ಎಂದು ತುಳುವಿನಲ್ಲಿ ಬೈದು, ತೆಂಗಿನ ನೆರಳಿನಲ್ಲಿದ್ದ ತಮ್ಮ ಮನೆಯ ಜಗಲಿಗೆ ಕರೆದುಕೊಂಡು ಹೋದರು. ಮಗುವಿಗೆ ಗಂಜಿತಿಳಿ ಕೊಟ್ಟರು. ಮಧ್ಯಾಹ್ನದ ಲುಹ್ರ್ ನಮಾಜಿನ ಹೊತ್ತಾದಾಗ ಕೇಳದೆಯೇ ಕೈಕಾಲು ತೊಳೆಯಲು ನೀರು ತಂದಿಟ್ಟು, ಒಳಗಿನಿಂದ ಒಗೆದ ಚಾಪೆ ಹಾಸಿದರು. ನಮಾಜಿಗೆ ಮುಖ ಮಾಡುವ ಕಿಬ್ಲಾ ಪಡುವಣಕ್ಕೆ, ಹಡಗುಗಳೂ ಪಡುವಣಕ್ಕೆ. ನಮಾಜಿಗೆ ನಿಂತರೆ ಕೆಂಪು ಹೊಟ್ಟೆ ಸರಿಯಾಗಿ ಕಣ್ಣೆದುರು. ನನ್ನ ಕಣ್ಣು ಎಲ್ಲಿತ್ತೆಂದು ಮಾಮಿಗೆ ಹೇಗೆ ತಿಳಿಯಿತೋ, ಸಲಾಂ ಹೇಳಿ ಮುಗಿಸಿದ ಮೇಲೆ ಗದರಿದರು.

"ಸುಜೂದಿಗೆ ಹಣೆ ಇಡುವ ಜಾಗ ನೋಡ್ಬೇಕು ಮೋಳೆ. ಹಡಗು ಎಲ್ಲಿಗೂ ಓಡಿ ಹೋಗುವುದಿಲ್ಲ."

"ಓಡದಿದ್ರೂ ತಿರುಗಿದೆ ಮಾಮಿ" ಎಂದೆ. ನಿಜವಾಗಿ ತಿರುಗಿತ್ತು. ನೀರಿನ ಸೆಳೆತಕ್ಕೆ ಎಲ್ಲ ಹಡಗುಗಳೂ ಲಂಗರಿನ ಸುತ್ತ ನಿಧಾನಕ್ಕೆ ಮುಖ ತಿರುಗಿಸಿಕೊಂಡಿದ್ದವು.

ಆಗ ಆ ಹೆಂಗಸು ಯಾವ ಹಡಗು, ಯಾರಿದ್ದಾರೆ ಎಂದೆಲ್ಲ ವಿಚಾರಿಸಿದರು. ಮಾಮಿ ಎಲ್ಲ ಹೇಳಿ ಫೋಟೋ ಕೊಟ್ಟರು. ಅವರು ನೋಡಿದರು, ಕಡಲು ನೋಡಿದರು, ಮತ್ತೆ ಫೋಟೋ ನೋಡಿದರು.

"ಇದು ರಿಪೇರಿಗೆ ನೀರಿನಿಂದ ಮೇಲೆ ಎತ್ತಿಟ್ಟಾಗ ತೆಗೆದ ಪಟ ಉಮ್ಮಾ. ಎಣ್ಣೆ ತುಂಬಿಸಿದ ಮೇಲೆ ಆ ಕೆಂಪೆಲ್ಲ ನೀರಿನ ಅಡಿಗೆ ಹೋಗ್ತದೆ. ನೀವು ನೋಡ್ತಾ ಇರುವುದು ಅದಿರು ತುಂಬಿಸ್ಲಿಕ್ಕೆ ಬಂದ ಖಾಲಿ ಹಡಗು. ನಿಮ್ಮದು ಅಗೋ, ಅದು."

ಅವರು ತೋರಿಸಿದ್ದು ಬಲಗಡೆಯ ತುದಿಯಲ್ಲಿ, ಅರ್ಧ ಮುಳುಗಿದ ಹಾಗೆ ತಗ್ಗಾಗಿ ಕೂತಿದ್ದ ಒಂದು ಕಪ್ಪು ಗೆರೆಯನ್ನು. ಅದರಿಂದ ಬೆಳಿಗ್ಗೆ ಏನೋ ಪಳಪಳ ಎಂದು ತುಂಬ ಹೊತ್ತು ಹೊಳೆಯುತ್ತಿತ್ತಂತೆ. ಪಾತ್ರೆ ತಿಕ್ಕುತ್ತಿರಬೇಕು ಎಂದುಕೊಂಡಿದ್ದರಂತೆ.

ನನಗೆ ಅಳು ಬಂತು. ಅವರು ನಿಂತು ಮಿಂಚಿಸಿದ್ದಾರೆ. ನಾವು ಅವರಿಗೆ ಬೆನ್ನು ಹಾಕಿ ಬೇರೆ ಯಾರದ್ದೋ ಹಡಗಿಗೆ ಮಗುವನ್ನು ಎತ್ತಿ ತೋರಿಸಿದ್ದೇವೆ. ಬಿಸಿಲು ಆಗಲೇ ಹಡಗುಗಳ ಹಿಂದಕ್ಕೆ ವಾಲಿತ್ತು, ಇನ್ನು ಅಲ್ಲಿಂದ ಯಾವ ಹರಿವಾಣವೂ ಮಿಂಚುವಂತಿರಲಿಲ್ಲ. ಮಾಮಿಗೆ ಮಾತ್ರ ಜೀವ ಬಂದ ಹಾಗಾಗಿತ್ತು. ಮಗ ಎದ್ದು ನಿಂತು ಪಾತ್ರೆ ಹಿಡಿಯುವಷ್ಟು ಸೌಖ್ಯವಾಗಿದ್ದಾನೆ, ಅಷ್ಟು ಸಾಕಿತ್ತು ಅವರಿಗೆ. ನಿಮ್ಮ ಮೂರು ಯಾಸೀನೂ ಆ ಖಾಲಿ ಹಡಗಿಗೆ ಹೋಯಿತಲ್ಲ ಮಾಮಿ ಎಂದು ನಾನು ಸಿಟ್ಟಿನಲ್ಲಿ ಅಂದುಬಿಟ್ಟೆ.

"ಹೋಗ್ಲಿ. ಅದರಲ್ಲಿಯೂ ಮಕ್ಕಳುಂಟು. ಅವರ ಉಮ್ಮಂದಿರು ಇಲ್ಲಿಗೆ ಬಸ್ಸಿನಲ್ಲಿ ಬರ್ಲಿಕ್ಕೆ ಆಗ್ತದಾ?"

ಆಮೇಲೆ ನಾಲ್ಕನೆಯದನ್ನು ಓದಿ ಬಲಗಡೆಗೆ ಊದಿದರು. ಮೀನಿನ ಮನೆಯವರು ಒಂದು ಕಾಗದದಲ್ಲಿ ಒಣ ನಂಗ್ ಮೀನು ಕಟ್ಟಿಕೊಟ್ಟರು. ಬಸ್ಸಿನಲ್ಲಿ ಅದರ ವಾಸನೆಗೆ ಮುಂದಿನ ಸೀಟಿನವರು ಎರಡು ಸಲ ಹಿಂತಿರುಗಿ ನೋಡಿದ್ದು ನೆನಪಿದೆ.

ಮಾರನೆಯ ದಿನ ಶುಕ್ರವಾರ. ಹಡಗು ಒಳಗೆ ಬಂದಿದೆ, ನಾಳೆ ಮಧ್ಯಾಹ್ನದ ಮೇಲೆ ಎರಡು ಗಂಟೆ ಹೊತ್ತು ಹೊರಗೆ ಬರಲು ಪಾಸ್ ಸಿಕ್ಕಿದೆ, ಬಂದರಿನ ಗೇಟಿನ ಹತ್ತಿರ ಬನ್ನಿ ಎಂದು ಅಂಗಡಿಗೆ ಫೋನ್ ಬಂತು. ಮಾಮಿ ಎರಡು ರಕಅತ್ ಶುಕ್ರ್, ಎಂದರೆ ಕೃತಜ್ಞತೆಯ ನಮಾಜು ಮಾಡಿದರು. ನಾನು ಮಗುವಿನ ಹಸಿರು ಫ್ರಾಕು ಒಗೆದು ಇಸ್ತ್ರಿ ಹಾಕಿದೆ.

ಗೇಟಿನಿಂದ ಹೊರಗೆ ಬಂದವರನ್ನು ಕಂಡಾಗ ನನಗೇ ಒಂದು ಕ್ಷಣ ಗುರುತು ಹತ್ತಲಿಲ್ಲ. ಬಡವಾಗಿದ್ದರು, ಗಡ್ಡ ಬಿಟ್ಟಿದ್ದರು. ಅವರು ಮೊದಲು ಕೇಳಿದ್ದು ಹರಿವಾಣ ಕಂಡಿತಾ ಎಂದು. ಮಾಮಿ ಸುಳ್ಳು ಹೇಳುವವರಲ್ಲ. ಇಲ್ಲ ಮೋನೆ, ನಾವು ಬೇರೆ ಹಡಗಿಗೆ ಕಾದೆವು ಎಂದರು. ಅವರು ನಕ್ಕರು. ಹಾಗೆ ನಗುತ್ತಲೇ ಮಗಳಿಗೆ ಕೈ ಚಾಚಿದರು. ಅವಳು ಕಿರುಚಿ ನನ್ನ ಕುತ್ತಿಗೆಯನ್ನು ಬಿಗಿಯಾಗಿ ತಬ್ಬಿಕೊಂಡಳು.

ಗೇಟಿನ ಎದುರಿನ ಚಾದಂಗಡಿಯ ಬೆಂಚಿನಲ್ಲಿ ಕೂತೆವು. ಬಿಸ್ಕತ್ತು ತೋರಿಸಿದರು, ಬೀಗದ ಕೈ ಕುಣಿಸಿದರು, ಬೆಕ್ಕಿನ ಹಾಗೆ ಕೂಗಿದರು. ಅವರು ಹತ್ತಿರ ಸರಿದಷ್ಟೂ ಅವಳ ಅಳು ಏರುತ್ತಿತ್ತು. ಒಂದು ಗಂಟೆ ಹಾಗೇ ಕಳೆಯಿತು. ಕೊನೆಗೆ ಅವರು ಬೆಂಚು ಬಿಟ್ಟು ಎದುರಿನ ಕಲ್ಲಿನ ಮೇಲೆ ದೂರ ಕೂತು, ಅವಳನ್ನೇ ನೋಡತೊಡಗಿದರು. ಅತ್ತು ಅತ್ತು ಸೋತು ಅವಳು ನನ್ನ ತೊಡೆಯಲ್ಲಿ ನಿದ್ದೆ ಹೋದಳು.

ಆಗ ನಾನು ಅವಳನ್ನು ಎತ್ತಿ ಅವರ ಹೆಗಲಿಗೆ ಹಾಕಿದೆ.

ಅವರು ಅಲುಗಾಡಲಿಲ್ಲ. ತಂದಿಟ್ಟ ಚಾ ಆರಿ ಕೆನೆಗಟ್ಟಿತು. ಹದಿನಾಲ್ಕು ತಿಂಗಳ ಮೇಲೆ ಸಿಕ್ಕಿದ ಮಗ ಹೀಗೆ ಬಾಯಿ ಕಟ್ಟಿ ಕೂತದ್ದು ಮಾಮಿಗೆ ತಡೆಯಲಿಲ್ಲ. ಏನಾದ್ರೂ ಮಾತಾಡು ಮೋನೆ ಎಂದರು.

ಅವರು ಉಸಿರಿನಷ್ಟೇ ಸಣ್ಣ ಸ್ವರದಲ್ಲಿ, "ಮಾತು ಫೋನಿನಲ್ಲಿ ಆಡ್ಲಿಕ್ಕೆ ಆಗ್ತದೆ ಉಮ್ಮಾ" ಎಂದರು.

ಸಮಯ ಮುಗಿಯುವವರೆಗೆ ನಾವು ಮೂವರೂ ಮಾತಾಡಲಿಲ್ಲ. ಅವಳನ್ನು ಹಿಂದಕ್ಕೆ ತೆಗೆದುಕೊಳ್ಳುವಾಗ ನೋಡಿದೆ, ಅವಳ ಜೊಲ್ಲಿನಿಂದ ಅವರ ಶರ್ಟಿನ ಭುಜ ಅಂಗೈಯಗಲ ಒದ್ದೆಯಾಗಿತ್ತು. ಒರೆಸಲೆಂದು ತಲೆಬಟ್ಟೆಯ ತುದಿ ಹಿಡಿದುಕೊಂಡು ಕೈ ಮುಂದೆ ಮಾಡಿದೆ. ಬೇಡ, ಇರಲಿ ಎಂದರು. ಪಾಸ್ ತೋರಿಸಿ ಹಾಗೆಯೇ ಒಳಗೆ ಹೋದರು.