ಕೋಕಿಲಾ ಹಾಕಿದ ರೆಸಿಸ್ಟರ್

ರಾಜಾಜಿನಗರದ ಇಂಡಸ್ಟ್ರಿಯಲ್ ಎಸ್ಟೇಟಿನ ಶೆಡ್ಡಿನಲ್ಲಿ ಕೋಕಿಲಾ ಎಲೆಕ್ಟ್ರಾನಿಕ್ ಬೋರ್ಡುಗಳಿಗೆ ಬೆಸುಗೆ ಹಾಕುವ ಕೆಲಸಕ್ಕೆ ಸೇರಿ ಆರು ವರ್ಷವಾಗಿತ್ತು, ಇನ್ನೂ ಟೆಂಪರರಿ. ಎಂಬತ್ತಾರರ ಆ ತಿಂಗಳು ಕಾಯಂ ಆಗಬೇಕು, ಅದಕ್ಕೆ ವೆಂಕಟಗಿರಿಯ ಸಹಿ ಬೇಕು. ವೆಂಕಟಗಿರಿ ಹೆಸರಿಗೆ ಇಂಜಿನಿಯರು. ಬೆಸುಗೆ ಕಡ್ಡಿಯನ್ನು ಯಾವ ತುದಿಯಲ್ಲಿ ಹಿಡಿಯಬೇಕು ಎಂದರೆ ಪುಸ್ತಕ ತೆರೆದು ನೋಡುವ ಆಸಾಮಿ.

ಒಂದೇ ಬೋರ್ಡಿನ ಕಂಪ್ಯೂಟರೊಂದನ್ನು ತಗಡು ಒತ್ತುವ ಪ್ರೆಸ್ಸಿಗೆ ಜೋಡಿಸಲು ಅವನು ಡ್ರಾಯಿಂಗ್ ಬರೆದ, ಕೋಕಿಲಾ ಬೆಸುಗೆ ಹಾಕಿದಳು. ಕರೆಂಟು ಕೊಟ್ಟರೆ, ಯಾರೂ ಗುಂಡಿ ಒತ್ತದೆಯೇ ಪ್ರೆಸ್ಸು ಧಡ್ಡನೆ ಇಳಿಯಿತು. ಪ್ರೆಸ್ಸು ನಡೆಸುವ ಮರಿಯಪ್ಪ ತಗಡು ಇಡಲು ಆಗಷ್ಟೇ ಕೈ ಚಾಚಿದ್ದ. ಪುಣ್ಯಕ್ಕೆ ಬೆರಳು ಉಳಿದವು.

“ಏನಮ್ಮಾ, ಕಣ್ಣು ಮುಚ್ಕೊಂಡು ಸೋಲ್ಡರ್ ಹಾಕ್ತೀಯಾ?” ಎಂದ ವೆಂಕಟಗಿರಿ. ಅವನದು ಕುಣಿಯಲಾರದವಳು ನೆಲ ಡೊಂಕು ಅಂದ ಕತೆ. ಮೂರು ಸಲ ಬಿಚ್ಚಿಸಿದ, ಮೂರು ಸಲ ಹಾಕಿಸಿದ. ಪ್ರೆಸ್ಸು ಮೂರು ಸಲವೂ ಇಳಿಯಿತು.

ಕೋಕಿಲಾಳಿಗೆ ರೇಗಿಹೋಯಿತು. ಪ್ರೋಗ್ರಾಂ ತುಂಬಿದ ಚಿಪ್ಪನ್ನೇ ಕಿತ್ತಿಟ್ಟು ಸ್ವಿಚ್ ಹಾಕಿದಳು. ಆಗಲೂ ಇಳಿಯಿತು. ಅಂದರೆ ಪ್ರೋಗ್ರಾಂ ಬಾಯಿ ಬಿಡುವ ಮೊದಲೇ ಏನೋ ಆಗುತ್ತಿದೆ. ಪ್ರೆಸ್ಸಿಗೆ ಅಪ್ಪಣೆ ಹೋಗುವ ಪಿನ್ನಿಗೆ ಮೀಟರ್ ಹಿಡಿದಳು. ಬೋರ್ಡಿಗೆ ಕರೆಂಟು ಬಂದ ಗಳಿಗೆಯಲ್ಲಿ ಆ ಪಿನ್ನು ಆನ್ ಅಲ್ಲ, ಆಫೂ ಅಲ್ಲ. ಯಾರ ಹಿಡಿತದಲ್ಲೂ ಇರಲಿಲ್ಲ. ಮುಂದಿನ ಚಿಪ್ ಅದನ್ನೇ ಆನ್ ಎಂದು ತಿಳಿಯುತ್ತಿತ್ತು. ಪಿನ್ನನ್ನು ಆಫ್‌ನಲ್ಲೇ ಹಿಡಿದಿಡಲು ಒಂದು ರೆಸಿಸ್ಟರ್ ಬೇಕು. ಮಹಾನುಭಾವನ ಡ್ರಾಯಿಂಗಿನಲ್ಲಿ ಅದೇ ಇಲ್ಲ. ಕೋಕಿಲಾ ತಾನೇ ಹಾಕಿದಳು. ಪ್ರೆಸ್ಸು ತೆಪ್ಪಗಾಯಿತು.

ಪ್ರೆಸ್ಸು ತಾನಾಗಿ ಇಳಿದದ್ದಕ್ಕೆ ವರದಿ ಬರೆದು ವೆಂಕಟಗಿರಿ ಕಾಗದ ತಂದ. ‘ಬೆಸುಗೆಯ ದೋಷ, ಸರಿಪಡಿಸಲಾಗಿದೆ’ ಎಂದು ಬರೆದಿತ್ತು.

“ಇದಕ್ಕೊಂದು ಸೈನ್ ಹಾಕ್ಬಿಡು. ನಿನ್ನ ಪರ್ಮನೆಂಟ್ ಕಾಗದಕ್ಕೆ ನಾನೂ ಹಾಕ್ತೀನಿ.”

ಥೂ, ಇದೂ ಒಂದು ಬಾಳೇ. ಆದರೆ ಆರು ವರ್ಷ ಕಾದ ಕೆಲಸ. ಕೋಕಿಲಾ ಪೆನ್ನು ತೆಗೆದುಕೊಂಡಳು, ಮತ್ತೆ ಕೆಳಗಿಟ್ಟಳು. ಹೋಗಿ ರೆಸಿಸ್ಟರನ್ನು ಕಿತ್ತು ತಂದು ಆ ಕಾಗದದ ಮೇಲಿಟ್ಟಳು.

“ಸೋಲ್ಡರ್ ಎಲ್ಲಾ ಹಂಗೇ ಇದೆ ಸಾರ್. ನಿಮ್ ಡ್ರಾಯಿಂಗಲ್ಲಿ ಇಲ್ದೇ ಇರೋದನ್ನ ಮಾತ್ರ ತೆಗ್ದಿದೀನಿ. ಪ್ರೆಸ್ ಕೆಳಗೆ ಕೈ ಇಡಿ, ನಾನು ಸ್ವಿಚ್ ಹಾಕ್ತೀನಿ.”

ವೆಂಕಟಗಿರಿ ಎರಡೂ ಕೈಗಳನ್ನು ಪ್ಯಾಂಟಿನ ಜೇಬಿಗೆ ಹಾಕಿಕೊಂಡ.

ನಾಳೆ ಅಲ್ಲಿ ಕೈಯಿಡುವವನು ಮರಿಯಪ್ಪ ತಾನೇ. ಅವಳು ರೆಸಿಸ್ಟರನ್ನು ಮತ್ತೆ ಹಾಕಿಯೇ, ಕಾಗದಕ್ಕೆ ಸಹಿ ಹಾಕದೆ ಮನೆಗೆ ಹೋದಳು. ಕೆಲಸ ಕಾಯಂ ಆಗಲಿಲ್ಲ, ತಿಂಗಳ ಕೊನೆಗೆ ಬಿಡಿಸಿದರು. ಹೊಸ ಡ್ರಾಯಿಂಗಿನಲ್ಲಿ ಆ ರೆಸಿಸ್ಟರ್ ಬಂತು, ಕೆಳಗೆ ವೆಂಕಟಗಿರಿಯ ಸಹಿ.